ನೋಟದ ಋಣ

ಲೋಕದಲ್ಲಿ ನೋಡತಕ್ಕ ವಸ್ತುಗಳು ಎರಡು ಬಗೆ. ದೂರದಿಂದ ನೋಡುವವನಿಗೂ ಹತ್ತಿರದಲ್ಲಿ ಬಾಳುವವನಿಗೂ ಒಂದೇ ರೀತಿಯಾಗಿ ತೋರುವವು ಕೆಲವು. ನೋಡುವವನಿಗೆ ಒಂದಾಗಿಯೂ ಬಾಳುವವನಿಗೆ ಮತ್ತೊಂದಾಗಿಯೂ ತೋರುವವು ಕೆಲವು. ಹುಣ್ಣಿಮೆಯ ಚಂದ್ರನು ಮೊದಲನೆಯ ಬಗೆಗೆ ಸೇರಿದವನು. ಉಪ್ಪರಿಗೆಯ ಮೇಲೆ ಕುಳಿತವನಿಗೂ ಗದ್ದೆಯ ಬದುವಿನ ಮೇಲೆ ಮಲಗಿದವನಿಗೂ ಅವನು ಒಂದೇ ಬೆಳಕನ್ನು ಕೊಡುತ್ತಾನೆ. ದಡ ಮೀರಿ ಹರಿಯುವ ಹೊಳೆಯಾದರೋ ಎರಡನೆಯ ಬಗೆಗೆ ಸೇರಿದುದು. ಸೇತುವೆಯ ಮೇಲೆ ನಿಂತವನಿಗೆ ಅದು ನೋಟ. ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡವನಿಗೆ ಅದು ಕೇಡು. ಹೊಳೆ ಒಂದೇ, ನೀರೂ ಒಂದೇ. ಆದರೂ ಅದನ್ನು ಕಂಡು ಒಬ್ಬನು ಮಕ್ಕಳನ್ನು ಕರೆತಂದು ತೋರಿಸುತ್ತಾನೆ, ಇನ್ನೊಬ್ಬನು ಮಕ್ಕಳನ್ನು ಎತ್ತಿಕೊಂಡು ಓಡುತ್ತಾನೆ. ಈ ಎರಡನೆಯ ಬಗೆಯ ವಸ್ತುಗಳನ್ನು ಅರಸಿಕೊಂಡು ಹೋಗುವುದೂ ನೋಡಿ ಸಂತೋಷಪಡುವುದೂ ಧರ್ಮಕ್ಕೆ ಒಪ್ಪುವುದೇ ಎಂಬುದು ವಿಚಾರಕ್ಕೆ ತಕ್ಕ ಪ್ರಶ್ನೆ.

ಮೀಮಾಂಸಕರು ಒಂದು ಅಧಿಕರಣವನ್ನು ನಿರ್ಣಯಿಸುವಾಗ ಮೊದಲು ವಿಷಯವನ್ನಿಟ್ಟು, ಅದರಲ್ಲಿ ಹುಟ್ಟುವ ಸಂಶಯವನ್ನು ತೋರಿಸಿ, ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸಿ, ಕಡೆಗೆ ಸಿದ್ಧಾಂತಕ್ಕೆ ಬರುತ್ತಾರೆ. ಎದುರಾಳಿಯ ಮಾತನ್ನು ಬಲಗುಂದಿಸಿ ಹೇಳಿ ಗೆಲ್ಲುವುದು ಅವರಲ್ಲಿ ಗೆಲವೆನಿಸದು. ಪ್ರಕೃತ ಪ್ರಶ್ನೆಯನ್ನೂ ಆ ಕ್ರಮದಲ್ಲಿಯೇ ವಿಚಾರಿಸುವುದು ಯುಕ್ತ. ವಿಷಯವಾಗಿ ಒಂದು ಸಣ್ಣ ಪ್ರಯಾಣವನ್ನು ತೆಗೆದುಕೊಳ್ಳಬಹುದು: ಪರದೇಶದಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯು ಸಾರ್ವಜನಿಕ ಬಸ್ಸಿನಲ್ಲಿ ಹೋಗಿ, ಅಗ್ನಿಪರ್ವತವೊಂದನ್ನು ನೋಡಿ, ಅದೇ ಸಂಜೆ ಹಿಂತಿರುಗುವುದು. ಇದು ಸಾಹಸಯಾತ್ರೆಯಲ್ಲ, ತೀರ್ಥಯಾತ್ರೆಯೂ ಅಲ್ಲ. ರಜೆಯ ಒಂದು ದಿನದ ವಿಹಾರ. ಸಣ್ಣದಾದುದರಿಂದಲೇ ಪ್ರಶ್ನೆಯು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಟಲಿ ದೇಶದ ದಕ್ಷಿಣದಲ್ಲಿ ಸಿಸಿಲಿಯೆಂಬ ದ್ವೀಪವಿದೆ. ಅದರ ಪೂರ್ವ ಕರಾವಳಿಯಲ್ಲಿ ಕಟಾನಿಯಾ ಪಟ್ಟಣ. ಅಲ್ಲಿಯ ವಿಶ್ವವಿದ್ಯಾನಿಲಯವು 1434ರಲ್ಲಿ ಸ್ಥಾಪಿತವಾದುದು. ಆ ದ್ವೀಪದಲ್ಲಿ ಅದಕ್ಕಿಂತ ಹಳೆಯದಿಲ್ಲ. ಪಟ್ಟಣದ ಉತ್ತರಕ್ಕೆ ಎಟ್ನಾ ಪರ್ವತವು ನಿಂತಿದೆ. ಅದರ ಎತ್ತರ ಸುಮಾರು 3,350 ಮೀಟರು. ಸ್ಫೋಟಗಳಿಂದ ಶಿಖರವು ಬೆಳೆಯುವುದೂ ಕುಸಿಯುವುದೂ ಉಂಟಾದುದರಿಂದ ಈ ಅಂಕಿಯನ್ನು ಆಗಾಗ ತಿದ್ದಬೇಕಾಗುತ್ತದೆ. ಭೂಮಿಯ ಮೇಲೆ ಎಡೆಬಿಡದೆ ಚಟುವಟಿಕೆಯಿಂದಿರುವ ಅಗ್ನಿಪರ್ವತಗಳಲ್ಲಿ ಅದೂ ಒಂದು. 2013ರಲ್ಲಿ ಅದಕ್ಕೆ ವಿಶ್ವಪರಂಪರೆಯ ತಾಣವೆಂಬ ಮನ್ನಣೆ ದೊರೆಯಿತು. ಕಟಾನಿಯಾದ ನೇರವಾದ ಬೀದಿಯಲ್ಲಿ ನಿಂತು ಕತ್ತೆತ್ತಿದರೆ, ಬೀದಿಯ ತುದಿಯಲ್ಲಿ ಹೊಗೆಯಾಡುವ ಆ ಶಿಖರವು ಕಾಣುತ್ತದೆ.

ಈ ಪಟ್ಟಣಕ್ಕೆ ಕಲಿಯಲು ಬಂದ ಪರದೇಶದ ವಿದ್ಯಾರ್ಥಿಯೊಬ್ಬನನ್ನು ಭಾವಿಸಿಕೊಳ್ಳಬಹುದು. ಅವನ ಕಿಸೆಯಲ್ಲಿ ಹಣ ಕಡಿಮೆ, ಮನಸ್ಸಿನಲ್ಲಿ ಕುತೂಹಲ ಹೆಚ್ಚು. ಬಾಡಿಗೆಯ ಮೋಟಾರು ಅವನಿಗೆ ಎಟುಕುವುದಿಲ್ಲ. ರೈಲುನಿಲ್ದಾಣದ ಮುಂದಿನ ಚೌಕದಲ್ಲಿ ಬೆಳಗಿನ ಬಸ್ಸನ್ನು ಹತ್ತುತ್ತಾನೆ. ಸುಮಾರು ಎರಡು ಗಂಟೆಗಳ ದಾರಿ. ಮೊದಲು ಒತ್ತೊತ್ತಾದ ಮನೆಗಳು, ಆಮೇಲೆ ತೋಟಗಳು, ದ್ರಾಕ್ಷಿಯ ಬಳ್ಳಿಗಳು. ಬೆಟ್ಟದ ಮಗ್ಗುಲಿನಲ್ಲಿ ನಿಕೊಲೋಸಿ ಎಂಬ ಊರು. ಅಲ್ಲಿಂದ ಮೇಲೆ ಮರಗಳು ವಿರಳವಾಗುತ್ತವೆ. ಹಸುರು ಹಿಂದೆ ಸರಿದು ಕಪ್ಪು ಮುಂದೆ ಬರುತ್ತದೆ. ಕರಗಿ ಹರಿದು ಹೆಪ್ಪುಗಟ್ಟಿದ ಕಲ್ಲಿನ ಹೊನಲುಗಳನ್ನು ರಸ್ತೆಯು ಮತ್ತೆ ಮತ್ತೆ ದಾಟುತ್ತದೆ. ಸುಮಾರು 1,900 ಮೀಟರಿನ ಎತ್ತರದಲ್ಲಿ ಸಪಿಯೆಂಜಾ ಎಂಬ ಹೆಸರಿನ ಪ್ರವಾಸಿಗೃಹದ ಬಳಿ ಬಸ್ಸು ನಿಲ್ಲುತ್ತದೆ. ಸಪಿಯೆಂಜಾ ಎಂದರೆ ಆ ಭಾಷೆಯಲ್ಲಿ ಜ್ಞಾನವೆಂದರ್ಥ. ಅದರ ಪಕ್ಕದಲ್ಲಿಯೇ 1892ರ ಸ್ಫೋಟದಲ್ಲಿ ಹುಟ್ಟಿದ ಕುಳಿಗಳಿವೆ. ಈಗ ತಣ್ಣಗಾಗಿರುವ ಅವುಗಳ ಅಂಚಿನಲ್ಲಿ ಮಕ್ಕಳೂ ನಡೆದಾಡುತ್ತಾರೆ. ಇನ್ನೂ ಮೇಲೆ ಹೋಗಬೇಕೆನ್ನುವವರಿಗೆ 2,500 ಮೀಟರಿನವರೆಗೆ ತಂತಿಯ ಮೇಲೆ ಸಾಗುವ ತೊಟ್ಟಿಲುಬಂಡಿಯುಂಟು. ಅದಕ್ಕೂ ಮೇಲಿನ ದಾರಿ ಪರ್ವತದ ಆ ದಿನದ ಸ್ಥಿತಿಯನ್ನೂ ಅಧಿಕಾರಿಗಳ ಅಪ್ಪಣೆಯನ್ನೂ ಮಾರ್ಗದರ್ಶಕನ ಜೊತೆಯನ್ನೂ ಅವಲಂಬಿಸಿದುದು. ವಿದ್ಯಾರ್ಥಿಯು ನಡೆಯುತ್ತಾನೆ, ನಿಲ್ಲುತ್ತಾನೆ, ಕರಿಯ ಮರಳನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ಬಿಸಿಯುಸಿರು ಬಿಡುವ ಶಿಖರವನ್ನು ಕಂಡು ಮೈಮರೆಯುತ್ತಾನೆ. ಸಂಜೆಯ ಬಸ್ಸು ಅವನನ್ನು ಪಟ್ಟಣಕ್ಕೆ ಮುಟ್ಟಿಸುತ್ತದೆ. ಇಷ್ಟೇ ವಿಷಯ.

ಇದರಲ್ಲಿ ಸಂಶಯವೆಲ್ಲಿ ಹುಟ್ಟುತ್ತದೆ? ಅವನನ್ನು ಮೈಮರೆಸಿದ ವಸ್ತುವು ಯಾವುದೆಂದು ಕೇಳಿದಾಗ ಹುಟ್ಟುತ್ತದೆ. 1669ರ ಮಾರ್ಚಿಯಲ್ಲಿ ಇದೇ ನಿಕೊಲೋಸಿಯ ಬಳಿ ನೆಲ ಬಿರಿಯಿತು. ನಾಲ್ಕು ತಿಂಗಳ ಕಾಲ ಬೆಂಕಿಯ ಹೊನಲು ಹರಿಯಿತು. ಅನೇಕ ಗ್ರಾಮಗಳು ಅದರಡಿಯಲ್ಲಿ ಅಡಗಿದುವು. ಹೊನಲು ಕಟಾನಿಯಾದ ಗೋಡೆಯನ್ನು ಮುಟ್ಟಿ, ಪಟ್ಟಣದ ಪಶ್ಚಿಮಭಾಗವನ್ನು ಹೊಕ್ಕು, ಸಮುದ್ರವನ್ನು ಸೇರಿತು. ಅಂದು ಕಡಲಂಚಿನಲ್ಲಿದ್ದ ಉರ್ಸಿನೋ ಕೋಟೆಯು ಇಂದು ಒಳನಾಡಿನಲ್ಲಿದೆ. ಕೋಟೆ ಸರಿಯಲಿಲ್ಲ, ಕಲ್ಲಾದ ಬೆಂಕಿಯು ಕಡಲನ್ನೇ ದೂರಕ್ಕೆ ತಳ್ಳಿತು. 1928ರಲ್ಲಿ ಪರ್ವತದ ಪೂರ್ವದ ತಪ್ಪಲಿನ ಮಾಸ್ಕಾಲಿಯೆಂಬ ಊರು ಹೆಚ್ಚುಕಡಿಮೆ ಪೂರ್ತಿಯಾಗಿ ನಾಶವಾಯಿತು; ಅದನ್ನು ಬೇರೆ ಸ್ಥಳದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ವಿದ್ಯಾರ್ಥಿಯ ಬಸ್ಸು ನಿಲ್ಲುವ ಸ್ಥಳವನ್ನೇ 1983ರಲ್ಲಿಯೂ 2001ರಲ್ಲಿಯೂ ಬೆಂಕಿಯ ಹೊನಲು ಮುತ್ತಿತು. ಹೀಗಿರಲು, ಯಾವುದು ಒಬ್ಬನ ಮನೆಯನ್ನು ನುಂಗಿತೋ ಅದನ್ನು ಮತ್ತೊಬ್ಬನು ಚೀಟಿ ಕೊಂಡು ನೋಡಿ ಆನಂದಿಸುವುದು ಸರಿಯೋ ತಪ್ಪೋ?

ಒಂದು ಪೂರ್ವಪಕ್ಷವು ಹೀಗೆ ಹೇಳುತ್ತದೆ: ಇದು ತಪ್ಪು. ಪರರ ಆಪತ್ತಿನ ಸ್ಥಾನವನ್ನು ವಿಹಾರಸ್ಥಾನವಾಗಿ ಮಾಡಿಕೊಳ್ಳುವುದು ಹೃದಯದ ಕಾಠಿಣ್ಯವನ್ನು ತೋರಿಸುತ್ತದೆ. ಸ್ಮಶಾನಕ್ಕೆ ಹೋಗುವವನು ಹೆಣ ಹೊರಲಿಕ್ಕೆ ಹೋಗಬೇಕು; ಚಿತೆಯ ಬಣ್ಣವನ್ನು ಮೆಚ್ಚಲು ಹೋಗಬಾರದು. ಕುತೂಹಲವು ಹಿಡಿತ ತಪ್ಪಿದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ 2025ರ ಫೆಬ್ರವರಿಯ ಸಂಗತಿ ಸಾಕ್ಷಿಯಾಗಿದೆ. ಆಗ ಎಟ್ನಾದ ಹಿಮದ ಮೇಲೆ ಕೆಂಪು ಹೊನಲು ಇಳಿಯುತ್ತಿರುವುದನ್ನು ನೋಡಲು ಜನರು ಸಾವಿರಗಟ್ಟಲೆಯಾಗಿ ನೆರೆದರು. ಇಕ್ಕಟ್ಟಾದ ರಸ್ತೆಗಳು ನೋಟಕರ ಮೋಟಾರುಗಳಿಂದ ತುಂಬಿಹೋಗಿ, ರಕ್ಷಣಾಕಾರ್ಯದ ವಾಹನಗಳಿಗೆ ದಾರಿಯಿಲ್ಲದಂತಾಯಿತೆಂದು ಅಧಿಕಾರಿಗಳು ಎಚ್ಚರಿಸಬೇಕಾಯಿತು. ಒಬ್ಬನ ನೋಟವು ಇನ್ನೊಬ್ಬನ ಪ್ರಾಣಕ್ಕೆ ಅಡ್ಡವಾಗಿ ನಿಲ್ಲುವುದಾದರೆ ಅದು ನಿರ್ದೋಷವೆಂದು ಯಾರು ಹೇಳಿಯಾರು?

ಎರಡನೆಯ ಪೂರ್ವಪಕ್ಷವು ಇದಕ್ಕೆ ವಿರುದ್ಧವಾದುದು: ಇದರಲ್ಲಿ ದೋಷವೇ ಇಲ್ಲ. ಬೆಂಕಿಯನ್ನು ಹೊತ್ತಿಸಿದವನು ನೋಡುವವನಲ್ಲ. ಅವನು ಹೋಗದಿದ್ದರೆ ಪರ್ವತವು ಸುಮ್ಮನಿರುವುದೂ ಇಲ್ಲ. ಹೋದರೆ ಮಾರ್ಗದರ್ಶಕನಿಗೂ ಅಂಗಡಿಯವನಿಗೂ ಬಸ್ಸು ನಡೆಸುವವನಿಗೂ ನಾಲ್ಕು ಕಾಸು ಸಿಕ್ಕುತ್ತದೆ. ಆ ಬೆಟ್ಟದ ಜನರು ತಾವೇ ಬೆಂಕಿಯೊಡನೆ ಒಪ್ಪಂದ ಮಾಡಿಕೊಂಡು ಬಾಳುತ್ತಿದ್ದಾರೆ. ಬೂದಿ ಬಿದ್ದ ನೆಲದಲ್ಲಿ ದ್ರಾಕ್ಷಿ ಹುಲುಸಾಗಿ ಬೆಳೆಯುತ್ತದೆ. ಪಶ್ಚಿಮದ ತಪ್ಪಲಿನ ಬ್ರೊಂಟೆಯೆಂಬ ಊರಿನ ಪಿಸ್ತಾ ಹೆಸರಾಂತದ್ದು. ಅಪಾಯದಿಂದ ಅವರೇ ಬೆಳೆ ತೆಗೆಯುತ್ತಿರುವಾಗ ಪರದೇಶದ ವಿದ್ಯಾರ್ಥಿಯು ಅದರಿಂದ ಒಂದು ದಿನದ ಸಂತೋಷವನ್ನು ತೆಗೆದರೆ ಏನು ಕೆಟ್ಟಿತು?

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಮೊದಲನೆಯದನ್ನು ಪರೀಕ್ಷಿಸುವುದಕ್ಕೆ ಅಲಂಕಾರಶಾಸ್ತ್ರವು ಸಹಾಯ ಮಾಡುತ್ತದೆ. ಭರತಮುನಿಯು ತನ್ನ ನಾಟ್ಯಶಾಸ್ತ್ರದಲ್ಲಿ ಭಯಾನಕವನ್ನೂ ಅದ್ಭುತವನ್ನೂ ರಸಗಳಲ್ಲಿ ಎಣಿಸಿದ್ದಾನೆ. ಭಯಾನಕಕ್ಕೆ ಭಯವು ಸ್ಥಾಯಿ. ಅದ್ಭುತಕ್ಕೆ ವಿಸ್ಮಯವು ಸ್ಥಾಯಿ. ಲೋಕದಲ್ಲಿ ಭಯವು ದುಃಖಕರವೇ ಆದರೂ ರಂಗದ ಮೇಲೆ ಅದು ಆಸ್ವಾದ್ಯವಾಗುವುದು ಹೇಗೆ? ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು ಇದನ್ನು ವಿವರಿಸುತ್ತ, ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥಕ್ಕೆ ಹೆದರಿ ಓಡುವ ಜಿಂಕೆಯ ವರ್ಣನೆಯನ್ನು ಉದಾಹರಿಸಿದನು. ಅಲ್ಲಿ ಪ್ರೇಕ್ಷಕನ ಅನುಭವಕ್ಕೆ ಬರುವ ಭಯವು ಈ ಜಿಂಕೆಯದು, ತನ್ನದು, ಶತ್ರುವಿನದು ಎಂಬ ಕಟ್ಟಿಗೆ ಸಿಕ್ಕದುದು; ದೇಶಕಾಲಗಳ ಗಂಟಿನಿಂದ ಬಿಡಿಸಲ್ಪಟ್ಟುದು. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವವನಿಗೆ ರಸವಿಲ್ಲ. ಅದು ರಸಕ್ಕೆ ವಿಘ್ನವೆಂದು ಆತನ ಮತ. ಎಂದರೆ, ರಸಕ್ಕೆ ದೂರ ಬೇಕು.

ಇದನ್ನು ಪ್ರಕೃತಕ್ಕೆ ಹೊಂದಿಸಿದರೆ, ವಿದ್ಯಾರ್ಥಿಯ ಆನಂದವು ಯಾರ ಮನೆ ಸುಟ್ಟುದರಿಂದಲೂ ಹುಟ್ಟಿದುದಲ್ಲವೆಂದು ತಿಳಿಯುತ್ತದೆ. ಭೂಮಿಯು ಮುಗಿದ ವಸ್ತುವಲ್ಲ, ಇನ್ನೂ ಆಗುತ್ತಿರುವ ವಸ್ತು ಎಂಬುದನ್ನು ಕಣ್ಣಾರೆ ಕಂಡಾಗ ಹುಟ್ಟುವ ವಿಸ್ಮಯವದು. ಕಾಲ ಕೆಳಗಿನ ಬಂಡೆಯು ತನ್ನ ತಂದೆಗಿಂತ ಚಿಕ್ಕ ವಯಸ್ಸಿನದೆಂದು ತಿಳಿದಾಗ ಯಾವ ಬುದ್ಧಿವಂತನಿಗೆ ತಾನೆ ಬೆರಗಾಗದು? ಈ ಬೆರಗನ್ನು ಪಾಪವೆಂದರೆ ವಿದ್ಯೆಯ ಮೊಳಕೆಯನ್ನೇ ಪಾಪವೆಂದಂತೆ. ಆದಕಾರಣ ಮೊದಲನೆಯ ಪಕ್ಷವು ಪೂರ್ತಿಯಾಗಿ ನಿಲ್ಲಲಾರದು.

ಆದರೆ ಇಲ್ಲಿ ಒಂದು ಭೇದವನ್ನು ಮರೆಯಲಾಗದು. ನಾಟಕದಲ್ಲಿ ಪರದೆ ಬಿದ್ದ ಮೇಲೆ ಸತ್ತವನು ಎದ್ದು, ಬಣ್ಣ ತೊಳೆದುಕೊಂಡು, ಊಟಕ್ಕೆ ಹೋಗುತ್ತಾನೆ. ಪ್ರೇಕ್ಷಕನು ರಂಗಕ್ಕೆ ನುಗ್ಗಿ ದುಶ್ಶಾಸನನ ಕೈಯನ್ನು ಹಿಡಿದರೆ ಅದು ಧರ್ಮವಲ್ಲ, ಅರಸಿಕತೆ. ಪರ್ವತವು ಹಾಗಲ್ಲ. ಅಲ್ಲಿ ಪರದೆಯೂ ಇಲ್ಲ, ಬಣ್ಣವೂ ಇಲ್ಲ, ಸುಟ್ಟುದು ಸುಟ್ಟುದೇ. ಪ್ರೇಕ್ಷಕನ ಆಸನಕ್ಕೂ ರಂಗಕ್ಕೂ ನಡುವೆ ನಿಶ್ಚಿತವಾದ ಗೆರೆಯೂ ಇಲ್ಲ. 1979ರ ಸೆಪ್ಟೆಂಬರಿನಲ್ಲಿ ಎಟ್ನಾದ ಶಿಖರದ ಕುಳಿಯೊಂದು ಮುನ್ಸೂಚನೆಯಿಲ್ಲದೆ ಸಿಡಿದು, ನೋಡಲು ಬಂದಿದ್ದ ಒಂಬತ್ತು ಮಂದಿ ಸತ್ತರು. 2025ರ ಜೂನ್ 2ರಂದು ಶಿಖರದ ಒಂದು ಭಾಗ ಕುಸಿದು, ಬಿಸಿಯ ಬೂದಿಯ ಮುಗಿಲು ಇಳಿಜಾರಿನಲ್ಲಿ ಹಾಯ್ದಾಗ ಪ್ರವಾಸಿಗಳು ಓಡಿ ತಪ್ಪಿಸಿಕೊಂಡರು. ನಾಟ್ಯಶಾಲೆಯಲ್ಲಿ ಪ್ರೇಕ್ಷಕನ ದೂರವು ಅವನ ಹಕ್ಕು. ಪರ್ವತದಲ್ಲಿ ಅದು ಸಾಲವಾಗಿ ಬಂದುದು. ಸಾಲವಾಗಿ ಬಂದುದನ್ನು ತನ್ನದೆಂದು ಬಗೆಯುವುದರಲ್ಲಿಯೇ ದೋಷವು ಮೊದಲಾಗುತ್ತದೆ.

ಹಾಗಾದರೆ ಈ ದೂರವನ್ನು ಮನುಷ್ಯನು ಹೇಗೆ ಬಳಸಬೇಕು? ಪ್ರಾಚೀನರ ಮೂರು ನಡತೆಗಳು ಇಲ್ಲಿ ವಿಚಾರಕ್ಕೆ ಬರುತ್ತವೆ. ಮೊದಲನೆಯದು ಎಟ್ನಾಕ್ಕೇ ಸಂಬಂಧಿಸಿದ ಐತಿಹ್ಯ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಸಿಸಿಲಿಯ ಅಕ್ರಗಾಸ್ ಪಟ್ಟಣದಲ್ಲಿ ಎಂಪೆಡೊಕ್ಲೀಸನೆಂಬ ತತ್ತ್ವಜ್ಞನಿದ್ದನು. ಭೂಮಿ, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಮೂಲಗಳಿಂದ ಜಗತ್ತಾಯಿತೆಂದು ಬೋಧಿಸಿದವನು ಅವನು. ತಾನು ದೇವನೆಂದು ಜನರು ನಂಬಲೆಂದು ಎಟ್ನಾದ ಕುಳಿಗೆ ಹಾರಿದನೆಂದೂ, ಪರ್ವತವು ಅವನ ಕಂಚಿನ ಪಾದರಕ್ಷೆಯೊಂದನ್ನು ಹೊರಕ್ಕೆ ಉಗುಳಿ ಗುಟ್ಟನ್ನು ಬಯಲುಮಾಡಿತೆಂದೂ ಕಥೆಯಿದೆ. ಕಥೆ ನಿಜವಿರಲಿ ಇಲ್ಲದಿರಲಿ, ಅದರ ತಾತ್ಪರ್ಯ ಸ್ಪಷ್ಟ. ದೂರವನ್ನು ಪೂರ್ತಿಯಾಗಿ ಅಳಿಸಿಹಾಕುವವನು ಕಾಣುವುದಿಲ್ಲ, ಕಾಣೆಯಾಗುತ್ತಾನೆ. ಉಳಿಯುವುದು ಅವನ ಅಹಂಕಾರದ ಗುರುತು ಮಾತ್ರ. ಕುಳಿಯ ಅಂಚಿನಲ್ಲಿ ನಿಂತು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳಲು ಹೋಗಿ ಕಾಲು ಜಾರುವವರಿಗೂ ಈ ತಾತ್ಪರ್ಯವು ಅನ್ವಯಿಸುತ್ತದೆ.

ಉಳಿದ ಎರಡು ನಡತೆಗಳು ಐತಿಹ್ಯವಲ್ಲ, ಇತಿಹಾಸ. ಎಟ್ನಾದವೂ ಅಲ್ಲ, ಅದೇ ಇಟಲಿಯಲ್ಲಿ ನೇಪಲ್ಸ್ ಪಟ್ಟಣದ ಹತ್ತಿರವಿರುವ ವೆಸೂವಿಯಸ್ ಪರ್ವತದವು. ಕ್ರಿಸ್ತಶಕ 79ರಲ್ಲಿ ಆ ಪರ್ವತವು ಸಿಡಿದು ಪಾಂಪೆಯ ಪಟ್ಟಣವನ್ನು ಹೂತುಹಾಕಿದುದು ಪ್ರಸಿದ್ಧ. ಕೊಲ್ಲಿಯ ಆಚೆಯ ದಡದ ಮಿಸೇನಂ ಎಂಬಲ್ಲಿ ಹಿರಿಯ ಪ್ಲಿನಿಯು ರೋಮನರ ನೌಕಾಪಡೆಗೆ ಅಧಿಪತಿಯಾಗಿದ್ದನು. ಪ್ರಕೃತಿಯ ವಿಚಾರವಾಗಿ 37 ಭಾಗಗಳ ದೊಡ್ಡ ಗ್ರಂಥವನ್ನು ಬರೆದ ವಿದ್ವಾಂಸನವನು. ಅವನ ಸೋದರಿಯ ಮಗನೂ ಜೊತೆಯಲ್ಲಿದ್ದನು; ಹದಿನೇಳು ವರ್ಷದ ವಿದ್ಯಾರ್ಥಿ. ಆಚೆ ದಡದಲ್ಲಿ ಛತ್ರಿಯಂತೆ ಹರಡಿದ ಮರದ ಆಕಾರದ ಮುಗಿಲು ಎದ್ದಿತು. ಪ್ಲಿನಿಯು ಅದನ್ನು ಹತ್ತಿರದಿಂದ ನೋಡಬೇಕೆಂದು ಹಗುರವಾದ ಒಂದು ಹಡಗನ್ನು ಸಿದ್ಧಪಡಿಸಿ, ಬರುವೆಯಾ ಎಂದು ಸೋದರಳಿಯನನ್ನು ಕೇಳಿದನು. ಹುಡುಗನು ತನಗೆ ಓದುವ ಕೆಲಸವಿದೆಯೆಂದು ಮನೆಯಲ್ಲಿಯೇ ಉಳಿದನು. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಸಿಕ್ಕಿಬಿದ್ದಿದ್ದ ರೆಕ್ಟೀನಾ ಎಂಬ ಸ್ತ್ರೀಯಿಂದ ಕಾಪಾಡಬೇಕೆಂಬ ಓಲೆ ಬಂದಿತು. ಒಡನೆಯೇ ಪ್ಲಿನಿಯು ಹಗುರ ಹಡಗನ್ನು ಬಿಟ್ಟು, ದೊಡ್ಡ ಹಡಗುಗಳನ್ನು ಹೊರಡಿಸಿದನು. ಎಲ್ಲರೂ ಓಡಿಬರುತ್ತಿದ್ದ ದಿಕ್ಕಿಗೆ ಅವನು ನೇರವಾಗಿ ಹೋದನು. ದಾರಿಯಲ್ಲಿಯೂ ಕಂಡುದನ್ನು ಹೇಳಿ ಬರೆಯಿಸುತ್ತಲೇ ಇದ್ದನು. ಮರಳಿ ಬರಲಿಲ್ಲ; ಸ್ಟೇಬಿಯೇ ಎಂಬಲ್ಲಿ ಕಡಲ ದಡದಲ್ಲಿ ಪ್ರಾಣಬಿಟ್ಟನು.

ಈ ವೃತ್ತಾಂತದಲ್ಲಿ ಗಮನಿಸತಕ್ಕದ್ದು ಹಡಗು ಬದಲಾದ ಆ ಕ್ಷಣ. ಅವನು ಹೊರಟುದು ನೋಡುವುದಕ್ಕೆ, ಹೋದುದು ಕಾಪಾಡುವುದಕ್ಕೆ. ಕುತೂಹಲವು ಕಾರುಣ್ಯಕ್ಕೆ ಶತ್ರುವೆಂದು ಭಾವಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಗಿಲಿನ ಕಡೆ ಕಣ್ಣಿಟ್ಟಿದ್ದವನ ಮನಸ್ಸು ಆಗಲೇ ಆ ದಿಕ್ಕಿಗೆ ತಿರುಗಿದ್ದಿತು. ಹಡಗಿನವರು ಆಗಲೇ ಸಿದ್ಧರಾಗುತ್ತಿದ್ದರು. ನೋಡುವ ಆಸೆ ಅವನನ್ನು ಅರ್ಧ ದಾರಿಗೆ ತಂದು ನಿಲ್ಲಿಸಿತ್ತು. ಕರೆ ಬಂದಾಗ ಉಳಿದರ್ಧವನ್ನು ಧರ್ಮವು ನಡೆಯಿಸಿತು. ಆದುದರಿಂದ ಕುತೂಹಲವನ್ನು ಪರೀಕ್ಷಿಸುವ ಒರೆಗಲ್ಲು ಇದು: ಕರೆ ಬಂದರೆ ಅದು ತನ್ನ ಹಡಗನ್ನು ಬದಲಾಯಿಸಬಲ್ಲುದೇ? ಬಲ್ಲುದಾದರೆ ಅದು ಕುತೂಹಲ. ಇಲ್ಲವಾದರೆ ಬರಿಯ ಚಪಲ.

ಮನೆಯಲ್ಲಿ ಉಳಿದ ಹುಡುಗನನ್ನು ನಿಂದಿಸುವುದೂ ಸರಿಯಲ್ಲ. ಮುಂದೆ ಅವನು ದೊಡ್ಡವನಾಗಿ, ಟ್ಯಾಸಿಟಸನೆಂಬ ಇತಿಹಾಸಕಾರನು ಕೇಳಿದ ಮೇಲೆ, ಆ ದಿನಗಳ ಸಂಗತಿಯನ್ನು ಎರಡು ಪತ್ರಗಳಲ್ಲಿ ಬರೆದನು. ಅವು ಇಂದಿಗೂ ಉಳಿದಿವೆ. ಅಂಥ ಸ್ಫೋಟಕ್ಕೆ ಭೂವಿಜ್ಞಾನಿಗಳು ಪ್ಲಿನಿಯ ಹೆಸರನ್ನೇ ಇಟ್ಟಿದ್ದಾರೆ. ಸೋದರಮಾವನು ಋಣವನ್ನು ದೇಹದಿಂದ ತೀರಿಸಿದನು. ಸೋದರಳಿಯನು ಅದನ್ನು ಅಕ್ಷರದಿಂದ ತೀರಿಸಿದನು. ಎಲ್ಲರಿಗೂ ಒಂದೇ ನಾಣ್ಯದಲ್ಲಿ ಸಾಲ ತೀರಿಸಬೇಕೆಂಬ ನಿಯಮವಿಲ್ಲ. ತೀರಿಸಬೇಕೆಂಬುದು ಮಾತ್ರ ನಿಯಮ.

ಈಗ ಎರಡನೆಯ ಪೂರ್ವಪಕ್ಷವನ್ನು ನೋಡಬಹುದು. ಬಸ್ಸಿನ ದುಡ್ಡು ಕೊಟ್ಟುದರಿಂದ ಋಣ ತೀರಿತೆನ್ನುವವರಿಗೆ ಒಂದು ಉತ್ತರವಿದೆ. ಹಣದಿಂದ ತೀರುವುದು ಬಸ್ಸಿನವನ ಋಣ, ನೋಟದ ಋಣವಲ್ಲ. ತಾನು ನೋಡುತ್ತಿರುವ ಬೆಂಕಿಯು ಯಾರ ಪಾಲಿಗೆ ಬಂದುದೆಂದು ತಿಳಿಯದೆ ನೋಡಿದವನು ಅರ್ಧವನ್ನೇ ನೋಡಿದವನು. 1669ರ ವರ್ಣನೆಗಳಲ್ಲಿ ಒಂದು ಪ್ರಸಂಗವಿದೆ. ಬೆಂಕಿಯ ಹೊನಲು ಕಟಾನಿಯಾದ ಕಡೆಗೆ ಬರುತ್ತಿದ್ದಾಗ, ಡಿಯೆಗೋ ಪಪ್ಪಲಾರ್ಡೊ ಎಂಬವನ ಮುಂದಾಳುತನದಲ್ಲಿ ಸುಮಾರು ಐವತ್ತು ಮಂದಿ ನೆನೆಸಿದ ತೊಗಲುಗಳನ್ನು ಹೊದೆದುಕೊಂಡು, ಕಬ್ಬಿಣದ ಹಾರೆಗಳಿಂದ ಹೊನಲಿನ ಗಟ್ಟಿಯಾದ ಅಂಚನ್ನು ಒಡೆದರು. ಹೊನಲು ಹೊಸ ದಾರಿ ಹಿಡಿಯಿತು. ಆದರೆ ಆ ದಾರಿ ಪಟೆರ್ನೋ ಎಂಬ ನೆರೆಯೂರಿನ ಕಡೆಗಿತ್ತು. ಆ ಊರಿನವರು ಐನೂರು ಮಂದಿ ಆಯುಧ ಹಿಡಿದು ಬಂದು ಕೆಲಸವನ್ನು ನಿಲ್ಲಿಸಿದರು. ಒಡೆದ ಬಾಯಿ ಮುಚ್ಚಿಕೊಂಡಿತು; ಹೊನಲು ಕಟಾನಿಯಾದ ದಾರಿಯನ್ನೇ ಹಿಡಿಯಿತು.

ಇಲ್ಲಿ ಯಾರದು ತಪ್ಪು? ತನ್ನ ಊರನ್ನು ಉಳಿಸಲು ಹೊರಟವನದು ತಪ್ಪೆನ್ನಲಾಗದು. ತನ್ನ ಊರಿಗೆ ಬೆಂಕಿ ಬರಬಾರದೆಂದವನದೂ ತಪ್ಪೆನ್ನಲಾಗದು. ಆದರೂ ತನ್ನ ಮನೆಯ ಕಿಚ್ಚನ್ನು ನೆರೆಯವನ ಹಿತ್ತಲಿಗೆ ತಿರುಗಿಸುವುದು ಪರಿಹಾರವೆನಿಸದು. ಮಹಾಭಾರತದ ಆದಿಪರ್ವದಲ್ಲಿ ಔರ್ವನ ಉಪಾಖ್ಯಾನವಿದೆ. ಭೃಗುವಂಶದವರನ್ನು ಕ್ಷತ್ರಿಯರು ಕೊಂದುದಕ್ಕಾಗಿ ಕೋಪಗೊಂಡ ಔರ್ವನು ಲೋಕವನ್ನೆಲ್ಲ ದಹಿಸಲು ಹೊರಟಾಗ, ಪಿತೃಗಳು ಬಂದು ಅವನನ್ನು ತಡೆದರು. ಹುಟ್ಟಿದ ಬೆಂಕಿಯನ್ನು ಹಿಂದಕ್ಕೆ ನುಂಗುವಂತಿಲ್ಲ, ಲೋಕದ ಮೇಲೆ ಬಿಡುವಂತೆಯೂ ಇಲ್ಲ. ಕಡೆಗೆ ಅವನು ಅದನ್ನು ಯಾರೂ ವಾಸಿಸದ ಸಮುದ್ರದಲ್ಲಿಟ್ಟನು, ಅದೇ ವಡಬಾಗ್ನಿ. ಬೆಂಕಿಯನ್ನು ಇಲ್ಲವೆನ್ನದೆ, ಇನ್ನೊಬ್ಬರ ಮೇಲೆ ಹೊರಿಸದೆ, ನಿರಪಾಯವಾದ ಎಡೆಯನ್ನು ಹುಡುಕುವುದೇ ವಿವೇಕವೆಂಬುದು ಆ ಕಥೆಯ ಸಾರ. 1992ರಲ್ಲಿ ಎಟ್ನಾದ ಹೊನಲು ಜಾಫೆರಾನಾ ಎಂಬ ಊರನ್ನು ಸಮೀಪಿಸಿದಾಗ ವಿಜ್ಞಾನಿಗಳೂ ಎಂಜಿನಿಯರರೂ ಮಾಡಿದುದು ಹೆಚ್ಚುಕಡಿಮೆ ಇದನ್ನೇ. ಮೇಲುಗಡೆಯಲ್ಲಿ ಕಾಲುವೆಯನ್ನು ತೋಡಿ, ಹೊನಲಿನ ಅಂಚನ್ನು ಸಿಡಿಮದ್ದಿನಿಂದ ಒಡೆದು, ಬೆಂಕಿಯನ್ನು ಜನವಸತಿಯಿಲ್ಲದ ಬೋವೆ ಕಣಿವೆಯೊಳಕ್ಕೇ ತಿರುಗಿಸಿದರು. ಊರು ಉಳಿಯಿತು, ಬೇರೆ ಯಾವ ಊರೂ ಅದಕ್ಕಾಗಿ ಉರಿಯಲಿಲ್ಲ. 1669ಕ್ಕೂ 1992ಕ್ಕೂ ನಡುವಿನ ಅಂತರವು ಹಾರೆಗೂ ಸಿಡಿಮದ್ದಿಗೂ ಇರುವ ಅಂತರವಷ್ಟೇ ಅಲ್ಲ. ಪರ್ವತವನ್ನು ತಲೆಮಾರುಗಳ ಕಾಲ ನೋಡಿ, ಅಳೆದು, ಬರೆದಿಟ್ಟವರ ಶ್ರಮವು ಆ ನಡುವೆ ಇದೆ. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ವಿದ್ಯಾರ್ಥಿಗಳಾಗಿ ಸುಮ್ಮನೆ ನೋಡಲು ಹೋದವರೇ ಆಗಿರಬೇಕು. ಇಂದಿಗೂ ಕಟಾನಿಯಾದಲ್ಲಿ ರಾಷ್ಟ್ರೀಯ ಭೂಭೌತಸಂಸ್ಥೆಯ ವೀಕ್ಷಣಾಲಯವು ಹಗಲಿರುಳೂ ಪರ್ವತದ ಮೇಲೆ ಕಣ್ಣಿಟ್ಟಿದೆ. ಅಲ್ಲಿ ನೋಡುವುದೇ ಕಾಪಾಡುವುದು.

ಈ ವಿಚಾರಗಳಿಂದ ಸಿದ್ಧಾಂತವು ಹೀಗೆ ಹೊರಡುತ್ತದೆ. ಅಪಾಯವಸ್ತುವನ್ನು ನೋಡಿ ವಿಸ್ಮಯಪಡುವುದು ದೋಷವಲ್ಲ. ಆದರೆ ಅದು ಋಣವನ್ನುಂಟುಮಾಡುತ್ತದೆ. ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಹುಟ್ಟುತ್ತಾನೆಂಬುದು ವೇದದ ಮಾತು. ದೇವ, ಋಷಿ, ಪಿತೃಗಳ ಋಣಗಳೊಡನೆ ಶತಪಥಬ್ರಾಹ್ಮಣವು ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸುತ್ತದೆ. ಋಷಿಋಣವು ಅಧ್ಯಯನದಿಂದ ತೀರುತ್ತದೆ. ಮನುಷ್ಯಋಣವು ಬಂದವರಿಗೆ ಇರಲೆಡೆಯನ್ನೂ ಅನ್ನವನ್ನೂ ಕೊಡುವುದರಿಂದ ತೀರುತ್ತದೆ. ಪರ್ವತವನ್ನು ನೋಡಲು ಹೋದವನಿಗೆ ಈ ಎರಡೂ ಅಂಟುತ್ತವೆ.

ಆ ಋಣವನ್ನು ತೀರಿಸುವ ಬಗೆಯನ್ನು ಮೂರಾಗಿ ಹೇಳಬಹುದು. ಅಡ್ಡಿಯಾಗದಿರುವುದು ಮೊದಲನೆಯದು. ಬಡತನದಿಂದ ಸಾರ್ವಜನಿಕ ಬಸ್ಸನ್ನು ಹತ್ತಿದ ವಿದ್ಯಾರ್ಥಿಯು ಈ ಕರ್ತವ್ಯವನ್ನು ಅರಿಯದೆಯೇ ನಡೆಯಿಸುತ್ತಾನೆ. ಐವತ್ತು ಮಂದಿಗೆ ಒಂದು ಬಂಡಿ ಸಾಕಾದಲ್ಲಿ ರಕ್ಷಣೆಯ ವಾಹನಕ್ಕೆ ದಾರಿ ಉಳಿಯುತ್ತದೆ. ಗೊತ್ತಾದ ಹೊತ್ತಿಗೆ ಬಸ್ಸು ಹೊರಡುವುದರಿಂದ, ಮೇಲಕ್ಕೆ, ಇನ್ನೂ ಮೇಲಕ್ಕೆ ಎಂಬ ಚಪಲಕ್ಕೂ ಒಂದು ಕಡಿವಾಣ ಬೀಳುತ್ತದೆ. ತಿಳಿಯುವುದು ಎರಡನೆಯದು. ಶಿಖರವನ್ನು ನೋಡಿ ಬಂದವನು ನಿಕೊಲೋಸಿಯ ಹೆಸರನ್ನು ಮರೆತರೆ ಅವನ ನೋಟವು ಕುರುಡು. ದಾರಿಯಲ್ಲಿ ಬಸ್ಸನ್ನು ಹತ್ತಿ ಇಳಿಯುವ ಹಳ್ಳಿಗನಿಗೆ ಆ ಪರ್ವತವು ಏನೆಂದು ಕೇಳುವ ಮನಸ್ಸೂ, ಬೂದಿ ಮಳೆಯಂತೆ ಬಿದ್ದ ದಿನ ಅಂಗಳವನ್ನು ಗುಡಿಸುವವರಾರೆಂದು ಯೋಚಿಸುವ ಬುದ್ಧಿಯೂ ನೋಟದ ಅಂಗಗಳೇ. ಕರೆ ಬಂದಾಗ ನೋಟವನ್ನು ಬಿಡುವುದು ಮೂರನೆಯದು. ಇದು ಎಲ್ಲರ ಬಾಳಿನಲ್ಲಿಯೂ ಒದಗಲಾರದು. ಒದಗಿದಾಗ ಮಾತ್ರ ಮೊದಲೆರಡರ ಸತ್ಯವು ಹೊರಬೀಳುತ್ತದೆ.

ಕನ್ನಡನಾಡಿನಲ್ಲಿ ಅಗ್ನಿಪರ್ವತವಿಲ್ಲ, ಆದುದರಿಂದ ಈ ವಿಚಾರವು ಪರದೇಶದವರಿಗೆ ಸೇರಿದುದೆಂದು ವಾಚಕರು ಬಗೆಯಬೇಕಾದುದಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲ ಬಿರಿದು, ಪದರು ಪದರಾಗಿ ಬೆಂಕಿಯ ಹೊನಲು ಹರಿದು, ಕರಿಯ ಕಲ್ಲಾಗಿ ನಿಂತಿತು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಬಹುಭಾಗ ಆ ಕಲ್ಲಿನ ಮೇಲಿದೆ. ಅದು ಸವೆದು ಎರೆಮಣ್ಣಾಯಿತು. ಆ ಮಣ್ಣಿನಲ್ಲಿ ಬಿಳಿಜೋಳ ಬೆಳೆಯುತ್ತದೆ. ಜೋಳದ ರೊಟ್ಟಿಯನ್ನು ಮುರಿದು ಉಣ್ಣುವವನೂ ತಣ್ಣಗಾದ ಬೆಂಕಿಯನ್ನೇ ಉಣ್ಣುತ್ತಾನೆ. ಸಿಸಿಲಿಯ ರೈತನಿಗೂ ಬಯಲುಸೀಮೆಯ ರೈತನಿಗೂ ಇರುವ ಭೇದವು ಕಾಲದ ಭೇದವೇ ಹೊರತು ಜಾತಿಭೇದವಲ್ಲ. ಒಬ್ಬನ ಬೆಂಕಿ ಆರಿದೆ, ಇನ್ನೊಬ್ಬನದು ಆರಿಲ್ಲ. ಆರಿದ ಬೆಂಕಿಯ ಮೇಲೆ ನಿಶ್ಚಿಂತೆಯಿಂದ ಮನೆ ಕಟ್ಟಿಕೊಂಡವರು ಉರಿಯುವ ಬೆಂಕಿಯ ಪಕ್ಕದಲ್ಲಿ ಬಾಳುವವರನ್ನು ಬರಿಯ ನೋಟಕ್ಕೆ ವಸ್ತುವಾಗಿ ಎಣಿಸುವುದು ಕೃತಜ್ಞತೆಯ ಲಕ್ಷಣವಲ್ಲ.

ಬೇಸಗೆಯ ಕಾಡುಗಿಚ್ಚು, ಮಳೆಗಾಲದ ನೆರೆ, ಕುಸಿದ ಗುಡ್ಡ, ಉರುಳಿದ ಬಂಡಿ ಇವೆಲ್ಲ ತಕ್ಕ ಮಟ್ಟಿಗೆ ಎಟ್ನಾಗಳೇ. ಅವುಗಳ ಸುತ್ತ ಗುಂಪು ಕೂಡುವುದು ಎಲ್ಲ ದೇಶಗಳಲ್ಲಿಯೂ ಉಂಟು. ಮಕ್ಕಳಿಗೆ ನೋಡಬೇಡವೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಕಣ್ಣು ಇರುವುದೇ ನೋಡಲಿಕ್ಕೆ. ದಾರಿ ಬಿಟ್ಟು ನಿಂತು ನೋಡು, ಯಾರದೆಂದು 
ತಿಳಿದು ನೋಡು, ಕರೆದರೆ ಹೋಗು ಎಂದು ಕಲಿಸಬೇಕು. ಇಷ್ಟನ್ನು ಕಲಿತ ವಿದ್ಯಾರ್ಥಿಯು ಬೆಳಗ್ಗೆ ಹೋಗಿ ಸಂಜೆ ಬಂದರೂ ಅವನ ಒಂದು ದಿನವು ವ್ಯರ್ಥವಾಗಲಿಲ್ಲ. ಕಲಿಯದವನು ಕುಳಿಯ ಅಂಚಿನಲ್ಲಿಯೇ ಮನೆ ಮಾಡಿಕೊಂಡು ನೂರು ವರ್ಷ ನೋಡಿದರೂ ಅವನ ಸಾಲವು ಬೆಳೆಯುತ್ತ ಹೋಗುವುದಲ್ಲದೆ ತೀರುವುದಿಲ್ಲ.